ಮೇಣಬಸದಿಯ ಮಾವ

ಎಡಗೈಯ ಅಂಗೈ ಕೆಂಪು ಬಂಡೆಯ ಮೇಲೆ, ಗದ್ದ ಎದೆಗೆ ತಾಗುವಷ್ಟು ಬಗ್ಗಿಸಿದ ತಲೆ, ಬಿಗಿಯಾಗಿ ಮುಚ್ಚಿದ ಕಣ್ಣು. ಬಾದಾಮಿಯ ಮೇಣಬಸದಿ ಗುಹಾಲಯಗಳಲ್ಲಿ ಮೂರನೆಯ ಗವಿಯ ಬಾಯಿಗೆ ಬಂದ ಕೂಡಲೇ ನಮ್ಮ ಮಾವ ಹೀಗೆ ನಿಂತುಬಿಡುತ್ತಿದ್ದ. ಅವನ ಹಿಂದೆ ಬರುತ್ತಿದ್ದ ಪ್ರವಾಸಿಗರೂ ನಿಲ್ಲಬೇಕಾಗುತ್ತಿತ್ತು. ದೇವರನ್ನು ನೆನೆಯುತ್ತಿದ್ದಾನೆಂದು ತಿಳಿದು ಕೆಲವರು ತಾವೂ ಕೈಮುಗಿಯುತ್ತಿದ್ದರು.

"ಎಲ್ಲಾರೂ ಕಣ್ಣು ಮುಚ್ಚರಿ," ಅನ್ನುತ್ತಿದ್ದ ಮಾವ. "ನಾ ಹೇಳೂತನಕ ತೆರೀಬ್ಯಾಡ್ರಿ."

ಅವರು ಮುಚ್ಚಿಕೊಂಡಿರುವಾಗಲೇ ಮಾತು ಶುರುವಾಗುತ್ತಿತ್ತು. ಈ ಗುಡ್ಡದ ಹೊಟ್ಟೆಯಲ್ಲಿ ಉಳಿ ಬಡಿದವರ ಮಾತು, ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಹೋಗುತ್ತಿದ್ದವರ ಮಾತು. ಆಮೇಲೆ, "ಈಗ ತೆರೀರಿ, ಸಾವಕಾಶ." ಹಾವಿನ ಸುರುಳಿಯ ಮೇಲೆ ಕೂತ ವಿಷ್ಣು ಕತ್ತಲೊಳಗಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದ. ಜನ "ಅಬ್ಬಾ" ಅನ್ನುತ್ತಿದ್ದರು. ಇಂಥ ಗೈಡ್ ಬೇರೆಲ್ಲೂ ಸಿಕ್ಕಿಲ್ಲ ಎಂದು ಹೊಗಳಿ ಹೋಗುತ್ತಿದ್ದರು.

ಮಾವ ಕಣ್ಣು ಮುಚ್ಚುತ್ತಿದ್ದದ್ದು ಭಕ್ತಿಗೂ ಅಲ್ಲ, ಚಮತ್ಕಾರಕ್ಕೂ ಅಲ್ಲ. ಬಿಸಿಲಿನಿಂದ ನೆರಳಿಗೆ ಬಂದರೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ನಮಗೂ ನಿಮಗೂ ಕ್ಷಣಹೊತ್ತು ಕಣ್ಣು ಕತ್ತಲಾಗುತ್ತದಲ್ಲ, ಹಾಗಲ್ಲ. ಅವನಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ನೆರಳಿನಿಂದ ಬಿಸಿಲಿಗೆ ಬಂದರೂ ಅದೇ ಕಥೆ.

ಅವನು ನನ್ನ ಅವ್ವನ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಆತ ಬೇರೆ ಮನೆಯವನಾಗಿಬಿಡುತ್ತಾನೆ. ಹಾಗಾಗಿ ಅವನು ಮುಂದೆ ನನಗೆ ಗಂಡನ ತಂದೆಯಾದ ಮೇಲೂ ನಾನು ಏಕವಚನ ಬಿಡಲಿಲ್ಲ. ಅವನೂ ಬಿಡಗೊಡಲಿಲ್ಲ.

ಹೊಸಿಲಲ್ಲಿ ಮಾತ್ರ ನಿಲ್ಲುತ್ತಿದ್ದ ಮನುಷ್ಯ ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಕೈಯಲ್ಲಿ ಹಿಡಿದು ಎದ್ದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗುತ್ತ ತಿನ್ನುತ್ತಿದ್ದ. ಬಸ್ಸಿಗೆ ಕಾಯುವಾಗ ಬಸ್‌ಸ್ಟ್ಯಾಂಡಿನ ಉದ್ದಗಲ ಅಳೆಯುತ್ತಿದ್ದ. ನಮ್ಮತ್ತೆ "ಒಂದ ಕಡೆ ಕುಂಡ್ರು, ನೋಡಿ ನೋಡಿ ನನಗ ತಲಿ ತಿರುಗ್ತೈತಿ" ಎಂದು ಬೈಯುವುದು ಆ ಮನೆಯ ದಿನದ ಮಂತ್ರವಾಗಿತ್ತು. ಮಳೆಗಾಲ ಚಳಿಗಾಲ ಎನ್ನದೆ ಕರಿ ಕೊಡೆ ಹಿಡಿಯುತ್ತಿದ್ದ. ನಡುಮಧ್ಯಾಹ್ನ ಎದುರಿಗೆ ಬಂದವರು "ಶರಣ್ರಿ" ಅಂದರೆ ಯಾರೆಂದು ತಿಳಿಯದೆ ಸುಮ್ಮನೆ ಹೋಗಿಬಿಡುತ್ತಿದ್ದ. "ಭಾಳ ಸೊಕ್ಕು ಅಂವಗ" ಎಂಬ ಮಾತು ಊರಲ್ಲಿತ್ತು.

ವೇಗವಾಗಿ ಹೋಗುವ ವಸ್ತುಗಳೂ ಅವನಿಗೆ ಕಾಣುತ್ತಿರಲಿಲ್ಲ. ಗವಿಯ ಮೆಟ್ಟಿಲ ಮೇಲಿನ ಮಂಗಗಳಿಗೆ ಇದು ಗೊತ್ತಿತ್ತೋ ಏನೋ, ಅವನನ್ನೇ ಹುಡುಕಿ ಬರುತ್ತಿದ್ದವು. "ಮಂಗ್ಯಾ ಬಂದದ್ದು ನನಗ ಕಾಣೂದಿಲ್ಲ ನೋಡವಾ, ಬಾಳಿಹಣ್ಣು ಇಲ್ಲದ್ದು ಕಾಣ್ತೈತಿ," ಎಂದು ನಗುತ್ತಿದ್ದ. ಗುಳೇದಗುಡ್ಡದ ನಮ್ಮ ಮನೆಗೆ ಬಂದರೆ ಅಪ್ಪನ ಮಗ್ಗದ ಮುಂದೆ ನಿಂತು ಕಿವಿ ಕೊಡುತ್ತಿದ್ದ. ಕುಪ್ಪಸದ ಖಣ ನೇಯುವ ಮಗ್ಗದಲ್ಲಿ ಲಾಳಿ ಆ ತುದಿಗೆ ಹೋಗಿ ಈ ತುದಿಗೆ ಬರುವುದು ಅವನಿಗೆ ಬರೀ ಸಪ್ಪಳ. ಅವನು ಹುಡುಗನಿದ್ದಾಗ ಅವನನ್ನೂ ಮಗ್ಗಕ್ಕೆ ಕೂರಿಸಿದ್ದರಂತೆ. ಕಣ್ಣಿಗೆ ಕಾಣದ ಲಾಳಿಯನ್ನು ನೆಚ್ಚಿಕೊಳ್ಳುವುದು ಅವನಿಂದ ಆಗಲಿಲ್ಲ. ಓಡಿಹೋದ.

ಸಾಲೆಯಲ್ಲಿ ಇನ್ನೂ ಕಷ್ಟ. ಆಟದ ಬಯಲಿನಿಂದ ಬಿಸಿಲಲ್ಲಿ ಬೆವೆತು ಒಳಗೆ ಬಂದ ಕೂಡಲೇ ಮಾಸ್ತರರು ಬೋರ್ಡು ಓದು ಅನ್ನುತ್ತಿದ್ದರು. "ಕಾಣವಲ್ದು ಸರ" ಅನ್ನುತ್ತಿದ್ದ. ತುಸು ಹೊತ್ತಾದ ಮೇಲೆ ತಾನಾಗಿಯೇ ಎದ್ದು ಗಳಗಳ ಓದುತ್ತಿದ್ದ. "ಆಗ ಕಾಣ್ಲಿಲ್ಲ, ಈಗ ಹೆಂಗ ಕಾಣ್ತಲೇ ಸುಳ್ಳಾ?" ಎಂದು ಛಡಿ ಬೀಳುತ್ತಿತ್ತು. ಅಜ್ಜಿ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು. ದವಾಖಾನೆಗೆ ಕರೆದೊಯ್ದರೆ, ಡಾಕ್ಟರರ ಮಬ್ಬು ಕೋಣೆಯಲ್ಲಿ ಕೂತು ಹಲಗೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿದ. "ಕಣ್ಣು ಭಾಳ ಚಲೋ ಅದಾವು. ಹುಡುಗಗ ಸಾಲಿ ಬ್ಯಾಡಾಗೇತಿ, ಅಷ್ಟ," ಎಂದು ಡಾಕ್ಟರು ಹೇಳಿದರಂತೆ. ಅಲ್ಲಿಗೆ ಮನೆಯವರೂ ಅದನ್ನೇ ನಂಬಿದರು.

ನಾನು ರಜೆಗೆ ಬಾದಾಮಿಗೆ ಹೋದಾಗೆಲ್ಲ ಅವನ ಜೊತೆ ಗುಡ್ಡ ಹತ್ತುತ್ತಿದ್ದೆ. ಮೇಲೆ ನಿಂತರೆ ಕೆಳಗೆ ಹೊಂಡದ ನೀರು ಬಿಸಿಲಿಗೆ ಕನ್ನಡಿಯಂತೆ ಉರಿಯುತ್ತಿತ್ತು. ಒಮ್ಮೆ ಕೇಳಿದೆ: "ಕಾಣದಿದ್ದಾಗ ಏನು ಕಾಣ್ತೈತಿ ಮಾವಾ?"

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲವಂತೆ. ಕೊಡೆಯ ತುದಿಯಿಂದ ಬಂಡೆಯನ್ನು ಕುಟ್ಟುತ್ತ ಯೋಚಿಸಿದ. "ಹಿಂದಿನ ಬೆಳಕು ಹೋಗವಲ್ದು. ಅದು ಕಣ್ಣಾಗ ನಿಂತ ಬಿಡ್ತೈತಿ. ಅದು ಹೋಗೂತನಕ ಮುಂದಿಂದು ಒಳಗ ಬರಾಕ ಜಾಗಾ ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ವರ್ಷಗಳ ಮೇಲೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುವಾಗ, ಜೀವಕೋಶಗಳು ಹೊರಗಿನ ಸುದ್ದಿಯನ್ನು ಒಳಗೆ ಹೇಗೆ ಮುಟ್ಟಿಸುತ್ತವೆ ಎಂಬ ಪಾಠ ನಡೆದಿತ್ತು. ಬೆಳಕು ಕಣ್ಣಿನ ಹಿಂಪರದೆಯ ಕೋಶದ ಮೇಲೆ ಬಿದ್ದಾಗ ಅಲ್ಲಿ ಮಲಗಿದ್ದ ಜಿ-ಪ್ರೋಟೀನು ಎಚ್ಚರವಾಗಿ ಸುದ್ದಿ ಒಯ್ಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಮಲಗಿಸಲು ಇನ್ನೊಂದು ಪ್ರೋಟೀನು ಬೇಕು. ಆ ಎರಡನೆಯದನ್ನು ಮಾಡುವ ಜೀನಿಗೆ ಆರ್‌ಜಿಎಸ್ ಒಂಬತ್ತು ಎಂದು ಹೆಸರು. ಸರ್ ಬೋರ್ಡಿನ ಮೇಲೆ ಬಾಣ ಬರೆಯುತ್ತ ಸಹಜವಾಗಿ ಹೇಳಿದರು: "ಈ ಜೀನು ಕೆಟ್ಟರೆ ಸುದ್ದಿ ನಿಲ್ಲುವುದಿಲ್ಲ. ಅಂಥವರಿಗೆ ಬೆಳಕು ಬದಲಾದಾಗ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಹಾರಿ ಬರುವ ಚೆಂಡೂ ಕಾಣುವುದಿಲ್ಲ. ಬಹಳ ಅಪರೂಪ."

ನನ್ನ ಪೆನ್ನು ನಿಂತಿತು. ಉಳಿದ ಪಾಠ ಕಿವಿಗೆ ಬೀಳಲಿಲ್ಲ. ಆ ವಾರದ ಕೊನೆಗೆ ಬಾದಾಮಿಯ ಬಸ್ಸು ಹತ್ತಿದೆ.

ಮಾವ ಅಂಗಳದಲ್ಲಿ ತಿರುಗಾಡುತ್ತಲೇ ಕೇಳಿಸಿಕೊಂಡ. ನಾನು ಕಲಿತದ್ದನ್ನು ಹೇಗೋ ಮನೆಮಾತಿನಲ್ಲಿ ಹೇಳಿದೆ. ಅವನು ಅದನ್ನು ತನ್ನದೇ ರೀತಿಯಲ್ಲಿ ಹಿಡಿದುಕೊಂಡ.

"ಅಂದ್ರ, ಲಗ್ನಕ್ಕ ಕರಿಯಾಕ ಬಂದಾಂವ ಹೇಳೂದು ಹೇಳಿ ಹೋಗಬೇಕಲ್ಲ, ಅಂವ ಹೋಗವಲ್ಲ. ಬಾಗಲದಾಗ ನಿಂತು ಬರ್ರಿ ಬರ್ರಿ ಅನ್ಕೋತನ ಇರ್ತಾನ. ಮತ್ತೊಬ್ಬ ಬಂದ್ರ ಅಂವನ ಮಾತು ಕೇಳೂದಿಲ್ಲ."

"ಹೌದು ಮಾವಾ. ಸಾಕು, ಹೋಗು ಅನ್ನಾಂವ ನಿನ್ನ ಕಣ್ಣಾಗ ಇಲ್ಲ."

ಅವನು ತಟ್ಟನೆ ನಿಂತ, ನೆರಳಿನಲ್ಲಿಯೇ.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣಿಗೆ ತಂತಿ ಹಚ್ಚಿ, ಒಂದರ ಹಿಂದೆ ಒಂದರಂತೆ ಎರಡು ಮಿಂಚು ಹೊಡೆದು ನೋಡಿದರು. ಮೊದಲನೆಯದಕ್ಕೆ ಕಣ್ಣು ಉತ್ತರ ಕೊಟ್ಟಿತು. ಎರಡನೆಯದಕ್ಕೆ ಕೊಡಲಿಲ್ಲ. ರಕ್ತ ಬೆಂಗಳೂರಿಗೆ ಹೋಗಿ ಬಂತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ನಮ್ಮನ್ನು ಕೂರಿಸಿ ಹೇಳಿದರು: ಅದೇ ಜೀನು, ಸಂಶಯವಿಲ್ಲ. ಇದಕ್ಕೆ ಔಷಧ ಇಲ್ಲ, ಆದರೆ ಇದು ಹೆಚ್ಚಾಗುವುದೂ ಇಲ್ಲ. ಬಣ್ಣದ ಕನ್ನಡಕ ಹಾಕಿಕೊಂಡರೆ ಹಗುರಾಗುತ್ತದೆ.

ಮಾವನಿಗೆ ಔಷಧದ ಮಾತು ಬೇಕಿರಲಿಲ್ಲ. "ಅಂದ್ರ ನಾ ಸುಳ್ಳು ಹೇಳ್ತಿದ್ದಿಲ್ಲ," ಅಂದ.

"ಇಲ್ರಿ."

"ಇನ್ನೊಮ್ಮೆ ಹೇಳ್ರಿ ಡಾಕ್ಟರ. ಸ್ವಲ್ಪ ಜೋರಾಗಿ."

ಅವರು ನಗಲಿಲ್ಲ. ಹೊರಗಿದ್ದವರಿಗೆ ಕೇಳುವಂತೆ ಹೇಳಿದರು: "ನೀವು ಸುಳ್ಳು ಹೇಳ್ತಿರಲಿಲ್ಲ."

ಊರಿಗೆ ಬಂದವನೇ ಮನೆಗೂ ಹೋಗದೆ ನನ್ನನ್ನು ಎಳೆದುಕೊಂಡು ಹಳೆಯ ಮಾಸ್ತರರ ಮನೆಗೆ ಹೋದ. ಅವರು ಬಹಳ ಮುದುಕರಾಗಿದ್ದರು, ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಾವ ನಿಂತೇ ಹೇಳಿದ. "ಸರ, ಅದಕ್ಕ ಆರ್ ಜಿ ಎಸ್ ಒಂಬತ್ತು ಅಂತಾರಂತ್ರಿ. ಅದು ನನ್ನಾಗ ಕೆಟ್ಟೈತಿ. ಹುಟ್ಟಿದಾಗಿಂದ. ಬೋರ್ಡು ನನಗ ಖರೇನ ಕಾಣ್ತಿದ್ದಿಲ್ರಿ." ಬಸ್ಸಿನ ನಂಬರಿನಂತೆ ಆ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ.

ಮಾಸ್ತರರು ದಿಂಬು ಬಿಟ್ಟು ಮುಂದೆ ಬಾಗಿದರು. "ಯಾವ ಕೈಗೆ ಹೊಡದಿದ್ನೋ?" ಎಂದು ಕೇಳಿದರು.

"ಎರಡೂ ಕೈಗೆ ಹೊಡದಿದ್ರಿ, ಸರ."

ಇಬ್ಬರೂ ನಕ್ಕರು. ಮಾಸ್ತರರ ನಗು ಅರ್ಧಕ್ಕೇ ನಿಂತಿತು. ಅವರು ಎರಡೂ ಕೈ ಚಾಚಿದರು. ಮಾವ ತನ್ನ ಕೈಗಳನ್ನು ಅವುಗಳಲ್ಲಿಟ್ಟ. ಅವರ ಸೊಸೆ ಚಹಾ ತಂದಳು, ಕುಡಿದು ಬಂದೆವು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಡಾಕ್ಟರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಪ್ರತಿಯೊಬ್ಬರಿಗೂ ಈ ಜೀನು ಜೋಡಿಯಾಗಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಕೆಟ್ಟಿದ್ದರೆ ಮಾತ್ರ ಕಣ್ಣು ಹೀಗಾಗುತ್ತದೆ. ನಮ್ಮ ಅಜ್ಜಿ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು. ಅಲ್ಲಿಂದ ಎರಡೂ ಕಡೆಯದು ಮಾವನಲ್ಲಿ ಬಂದು ಕೂಡಿತ್ತು. ಅವನ ಮಗನಲ್ಲಿ ಕೆಟ್ಟದ್ದು ಒಂದಂತೂ ಇದ್ದೇ ಇರುತ್ತದೆ. "ನಿಮ್ಮ ಕಡೆ ಸಂಬಂಧದಲ್ಲೇ ಮದುವೆ ಮಾಡ್ತೀರಲ್ಲ, ಹಾಗೇನಾದರೂ ಇದ್ದರೆ ಆ ಹುಡುಗಿಯ ರಕ್ತವನ್ನೂ ಒಮ್ಮೆ ನೋಡಬೇಕು," ಅಂದಿದ್ದರು.

ಆ ಹುಡುಗಿ ನಾನೇ, ಅವರ ಎದುರಿಗೇ ಕೂತಿದ್ದೆ. ನಾನು ತೊಟ್ಟಿಲಲ್ಲಿದ್ದಾಗಲೇ "ಇಕಿ ನಮ್ಮ ಮನಿ ಸೊಸಿ" ಎಂದು ಮಾವ ಹೇಳಿಟ್ಟಿದ್ದ. ಅವನ ಮಗ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಮಾತು ಕಡಿಮೆ, ನಗು ಜಾಸ್ತಿ. ಹಿರಿಯರ ಮಾತಿಗಾಗಿ ನಾನು ಅವನನ್ನು ಒಪ್ಪಿರಲಿಲ್ಲ. ಹಿರಿಯರು ಬೇಡವೆಂದಿದ್ದರೂ ಒಪ್ಪುತ್ತಿದ್ದೆ.

ರಕ್ತ ಕೊಟ್ಟೆ. ನನ್ನಲ್ಲೂ ಒಂದು ಇತ್ತು. ನಾವಿಬ್ಬರೂ ಮದುವೆಯಾದರೆ ಹುಟ್ಟುವ ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಮಾವನ ಕಣ್ಣು ಬರುವ ಸಂಭವ.

ಅವ್ವ ಕೇಳಿದ ಗಳಿಗೆಯೇ ಬೇಡ ಅಂದಳು. ಬಾದಾಮಿಗೆ ಫೋನಿನಲ್ಲಿ ಹೇಳಿಬಿಟ್ಟಳು. ಮರುದಿನವೇ ಮಾವ ಗುಳೇದಗುಡ್ಡಕ್ಕೆ ಬಂದ. ಅಪ್ಪ ಮಗ್ಗ ನಿಲ್ಲಿಸಿದ. ಮಗ್ಗದ ಕೋಣೆ ಸಣ್ಣದು, ಆದರೂ ಮಾವ ಅದರಲ್ಲಿಯೇ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ.

"ಹಂಗಾದ್ರ ನನ್ನಂಥಾಂವ ಹುಟ್ಟಬಾರದು ಅಂತ ಆತಲ್ಲ, ಅಕ್ಕಾ?"

"ನಾ ಹಂಗಂದಿಲ್ಲ."

"ಮತ್ತ ಹೆಂಗಂದಿ? ಬ್ಯಾರೇ ಏನರ್ಥ ಐತಿ ಅದಕ್ಕ?"

ಅವ್ವನಿಗೂ ಸಿಟ್ಟು ಬಂತು. "ನೀ ಛಡಿ ತಿಂದು ಬಂದಾಗ ಅವ್ವ ಒಲಿ ಮುಂದ ಕುಂತು ಅತ್ತದ್ದು ನೀ ನೋಡಿಲ್ಲ. ನಾ ನೋಡೇನಿ. ನನ್ನ ಮಗಳು ಹಂಗ ಅಳೂದನ್ನ ನಾ ನೋಡೂದಿಲ್ಲ, ತಮ್ಮಾ."

ಮಾವ ಗೋಡೆಗೆ ಕೈ ಕೊಟ್ಟು ನಿಂತ. ಕೊಡೆಯನ್ನು ಮರೆತು ಬಿಸಿಲಿಗೆ ಹೊರಟುಹೋದ. ನಾನು ಕೊಡೆ ಹಿಡಿದು ಬಾಗಿಲಿಗೆ ಓಡಿದೆ. ಅವನು ಓಣಿಯ ನಡುವೆ ಕಣ್ಣು ಮುಚ್ಚಿ ನಿಂತಿದ್ದ. ಸೈಕಲ್ಲಿನವನೊಬ್ಬ ಬೈದುಕೊಂಡು ಸುತ್ತಿ ಹೋದ. ಕೈಗೆ ಕೊಡೆ ಕೊಟ್ಟರೆ ಮಾವ ನನ್ನ ಕಡೆ ನೋಡದೆ ಇಸಿದುಕೊಂಡ.

"ನೀನ ಕೆದರಿ ತಗದಿ ಇದನ್ನ," ಎಂದು ಅವ್ವ ಆ ರಾತ್ರಿ ನನಗೆ ಹೇಳಿದಳು. "ಹೆಸರಿಲ್ಲದ ಇದ್ದಾಗ ಎಲ್ಲಾರೂ ಆರಾಮ ಇದ್ವಿ." ಎಲ್ಲರೂ ಆರಾಮಾಗಿರಲಿಲ್ಲ, ಒಬ್ಬನನ್ನು ಬಿಟ್ಟು ಉಳಿದವರು ಆರಾಮಾಗಿದ್ದರು ಎಂದು ನಾನು ಹೇಳಲಿಲ್ಲ. ಅವಳ ಕಣ್ಣು ಅತ್ತು ಬಾತಿದ್ದವು.

ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. ಹುನಗುಂದದ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿಯೇ ಕೋಣೆ ಮಾಡಿಕೊಂಡೆ. ಮಾವನ ಮಗ ಫೋನು ಮಾಡುತ್ತಿದ್ದ. ಇಬ್ಬರಿಗೂ ಏನು ಹೇಳಬೇಕೋ ತಿಳಿಯದೆ ಮಳೆ ಬಂತಾ, ಕರೆಂಟು ಇದೆಯಾ ಎಂದು ಕೇಳಿ ಇಡುತ್ತಿದ್ದೆವು. "ಅಪ್ಪ ಗೈಡ್ ಕೆಲಸಕ್ಕ ಹೋಗವಲ್ಲ," ಎಂದು ಒಮ್ಮೆ ಹೇಳಿದ. "ಮನ್ಯಾಗ ಒಂದ ಸವನ ತಿರಗತಾನ."

ಒಂದು ಮಧ್ಯಾಹ್ನ ನಾನು ಪಾಠ ಮುಗಿಸಿ ಹೊರಬಂದರೆ ಕಾಲೇಜಿನ ವರಾಂಡದಲ್ಲಿ ಮಾವ. ಕಪ್ಪು ಕನ್ನಡಕ, ಕಂಕುಳಲ್ಲಿ ಕೊಡೆ. ಇಳಕಲ್ಲಿಗೆ ಯಾರದೋ ಕೆಲಸಕ್ಕೆ ಹೊರಟಿದ್ದೆ, ಇಳಿದೆ ಎಂದ. ಅದು ಖರೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೂರು ಅಂದರೆ ಕೂರಲಿಲ್ಲ. ವರಾಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದ, ನಾನೂ ಅವನ ಜೊತೆ ಹೆಜ್ಜೆ ಹಾಕುತ್ತಿದ್ದೆ. ಹುಡುಗರು ತಿರುಗಿ ತಿರುಗಿ ನೋಡುತ್ತಿದ್ದರು.

ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ನಾನು ಅಲ್ಲಿ ಕೇಳಿಬಿಟ್ಟೆ. "ಮಾವಾ, ಈ ಜಲ್ಮ ಬ್ಯಾಡಾಗಿತ್ತು ಅಂತ ನಿನಗ ಯಾವಾಗರೆ ಅನಿಸೇತೇನು?"

ಅವನು ಉತ್ತರ ಹುಡುಕಲಿಲ್ಲ. ಅದನ್ನು ಹೇಳಲೆಂದೇ ಅಷ್ಟು ದೂರ ಬಂದಿದ್ದ ಅನ್ನಿಸುತ್ತದೆ.

"ಭಾಳ ಸಲ ಅನಿಸೇತಿ. ಸುಳ್ಳ್ಯಾಕ ಹೇಳ್ಲಿ. ಆದ್ರ ಕಣ್ಣಿನ ಸಲುವಾಗಿ ಒಮ್ಮೆನೂ ಅನಿಸಿಲ್ಲ, ತಂಗಿ. ಮಂದಿ ಸಲುವಾಗಿ ಅನಿಸೇತಿ. ಕಣ್ಣು ತಡಾ ಮಾಡ್ತಿತ್ತು, ಆದ್ರ ಕೊಡ್ತಿತ್ತು. ಮಂದಿ ತಡಕೋಲಿಲ್ಲ."

ವರಾಂಡದ ತುದಿಯಲ್ಲಿ ಬಿಸಿಲಿತ್ತು. ಅಲ್ಲಿ ಹೋಗಿ ತಿರುಗುವಾಗ ಅವನು ನನ್ನ ಮೊಣಕೈ ಹಿಡಿದ. ಅಲ್ಲಿಯವರೆಗೆ ಅವನು ಯಾರ ಕೈಯನ್ನೂ ಹಾಗೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

"ನೀವಿಬ್ರೂ ಲಗ್ನ ಆಗ್ರಿ ಅಂತ ಹೇಳಾಕ ಬಂದಿಲ್ಲ ನಾ. ಆಗಬ್ಯಾಡ್ರಿ ಅಂತ ಹೇಳಾಕೂ ಬಂದಿಲ್ಲ. ನನ್ನ ಜಲ್ಮ ನೋಡಿ ಅಂಜಬ್ಯಾಡ್ರಿ ಅಂತ ಹೇಳಾಕ ಬಂದೇನಿ. ಇಷ್ಟ."

ಚಹಾ ಕುಡಿಸಿ ಬಸ್ಸು ಹತ್ತಿಸಿದೆ. ಆ ದಿನವೇ ಅವನ ಮಗನಿಗೆ ಫೋನು ಮಾಡಿದೆ. ಮಳೆ, ಕರೆಂಟಿನ ಮಾತು ಆಡಲಿಲ್ಲ.

ಅವ್ವನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಮಾವನೇ ಮತ್ತೆ ಬಂದ, ಈ ಸಲ ಅತ್ತೆಯನ್ನೂ ಕರೆದುಕೊಂಡು. ಅವ್ವ ಅಡುಗೆಮನೆಯಿಂದ ಹೊರಬರದೆ ಒಳಗಿಂದಲೇ ಕೇಳಿದಳು: "ಕೂಸು ನಿನ್ನಂಗ ಆದ್ರ ಯಾರು ನೋಡ್ಕೋತಾರ?"

"ನನ್ನ ಬಿಟ್ಟು ಯಾರಿಗೆ ಬರ್ತೈತಿ, ಅಕ್ಕಾ?"

ಒಳಗೆ ಅವ್ವ ಡಬ್ಬಿ ತೆರೆದ ಸಪ್ಪಳವಾಯಿತು. ಆಮೇಲೆ ಬಟ್ಟಲಲ್ಲಿ ಸಕ್ಕರೆ ಹಾಕಿಕೊಂಡು ಹೊರಗೆ ಬಂದಳು.

ಮದುವೆಯಾಯಿತು, ನಾನು ಬಾದಾಮಿಯ ಮನೆಗೆ ಬಂದೆ, ಕಾಲೇಜಿಗೆ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿದೆ. ಮಗಳು ಹುಟ್ಟಿದಳು. ಹುಟ್ಟುವ ಮುಂಚೆ ಪರೀಕ್ಷೆ ಮಾಡಿಸುವುದು ಬೇಡವೆಂದು ನಾವಿಬ್ಬರೂ ನಿರ್ಧರಿಸಿದ್ದೆವು. ನಡೆಯಲು ಕಲಿತ ಹೊಸದರಲ್ಲಿ ಅವಳು ರೊಟ್ಟಿಯ ಚೂರು ಹಿಡಿದು ಒಳಗಿನಿಂದ ಅಂಗಳಕ್ಕೆ ಓಡಿದವಳು ಬಿಸಿಲಲ್ಲಿ ಗಕ್ಕನೆ ನಿಂತು ಗೋಡೆ ತಡಕಿದ್ದನ್ನು ಮೊದಲು ನೋಡಿದವನು ಮಾವ. ನಮಗೆ ಹೇಳಲಿಲ್ಲ. ಕೆಲವು ದಿನ ಊಟ ಬಿಟ್ಟ, ಮಾಳಿಗೆಯ ಮೇಲೆ ತಿರುಗಿದ, ಅತ್ತೆ ಬೈದರೂ ಇಳಿಯಲಿಲ್ಲ. ಕೊನೆಗೆ ನಾನು ಅಕ್ಕಿ ಆರಿಸುತ್ತಿದ್ದಲ್ಲಿಗೆ ಬಂದು ನಿಂತ.

"ಕೂಸು ನನ್ನಂಗ ಐತಿ," ಅಂದ.

ನನಗೆ ಆಗಲೇ ಸಂಶಯ ಬಂದಿತ್ತು. ಆದರೆ ಅವನ ಬಾಯಿಂದ ಕೇಳಿದಾಗ ಮೊರವನ್ನು ಕೆಳಗಿಟ್ಟೆ. ಅವನು ಅಳುತ್ತಿದ್ದ. "ಹುನಗುಂದಕ್ಕ ಬಂದು ದೊಡ್ಡ ಮಾತಾಡಿ ಹೋಗಿದ್ನಿ. ಅಂಜಬ್ಯಾಡ್ರಿ ಅಂದಿದ್ನಿ. ಈಗ ನನಗ ಅಂಜಿಕಿ ಆಗಾಕತ್ತೈತಿ, ತಂಗಿ."

ನಾನೂ ಅತ್ತುಬಿಟ್ಟೆ. "ನೀ ಇದ್ದಿಯಲ್ಲ ಮಾವಾ," ಎಂದಷ್ಟೇ ಅಂದೆ.

ಅದು ಸಾಕಾಯಿತು ಅವನಿಗೆ. ಮರುದಿನದಿಂದ ಅವನ ಚಡಪಡಿಕೆಗೆ ಒಂದು ಕೆಲಸ ಸಿಕ್ಕಿತು. ಬಾಗಲಕೋಟೆಗೆ ಹೋಗಿ ಪುಟ್ಟ ಮುಖಕ್ಕೆ ಹೊಂದುವ ಬಣ್ಣದ ಕನ್ನಡಕ ಮಾಡಿಸಿಕೊಂಡು ಬಂದ. ಅಂಗಳದ ಅರ್ಧಕ್ಕೆ ಗೋಣಿತಟ್ಟಿನ ಚಪ್ಪರ ಹಾಕಿಸಿದ, ಬಿಸಿಲು ಒಮ್ಮೆಲೇ ಬೀಳದಂತೆ. ಅಂಗನವಾಡಿಯ ಅಕ್ಕೋರ ಹತ್ತಿರ, ಕಿರಾಣಿ ಅಂಗಡಿಯವನ ಹತ್ತಿರ, ಎದುರುಮನೆಯ ಮುದುಕಿಯ ಹತ್ತಿರ ಹೋಗಿ ಹೋಗಿ ಹೇಳಿದ: "ಈ ಕೂಸು ನಿಂತ್ರ ಜಗ್ಗಬ್ಯಾಡ್ರಿ. ಕರದ್ರ ಓ ಅನ್ಲಿಲ್ಲಂದ್ರ ಸೊಕ್ಕು ಅನ್ಬ್ಯಾಡ್ರಿ." ತನಗಾಗಿ ಇಷ್ಟು ವರ್ಷ ಒಬ್ಬರ ಮುಂದೆಯೂ ಆಡದ ಮಾತನ್ನು ಮೊಮ್ಮಗಳಿಗಾಗಿ ಬೀದಿ ಬೀದಿ ಆಡಿದ. ಮಗಳು ಇದನ್ನೆಲ್ಲ ಆಟವೆಂದು ತಿಳಿದಳು. ಅಜ್ಜ ಮೊಮ್ಮಗಳು ಇಬ್ಬರೂ ಕನ್ನಡಕ ಹಾಕಿಕೊಂಡು ಪೇಟೆಗೆ ಹೊರಟರೆ ಜನ "ಸಿನಿಮಾದವ್ರು ಬಂದ್ರು" ಅನ್ನುತ್ತಿದ್ದರು. ಮಾವ ಗತ್ತಿನಿಂದ ಕೈ ಬೀಸುತ್ತಿದ್ದ.

ಒಮ್ಮೆ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದ. "ಸತ್ತಮ್ಯಾಲ ಕಣ್ಣು ಕೊಡ್ತಾರಲ್ಲ. ನನ್ನವು ಯಾರಿಗರೇ ಬರ್ತಾವೇನು? ಇಲ್ಲಾ ಇಸಗೊಂಡವ್ರಿಗೂ ಹಿಂಗ ಆಗ್ತೈತೋ?"

ಆಗುವುದಿಲ್ಲ ಅಂದೆ. ತೆಗೆದುಕೊಳ್ಳುವುದು ಕಣ್ಣಿನ ಮುಂದಿನ ಪಾರದರ್ಶಕ ಪದರು ಮಾತ್ರ, ಗಡಿಯಾರದ ಮೇಲಿನ ಗಾಜಿದ್ದಂತೆ. ಬೆಳಕಿನ ಸುದ್ದಿ ಒಯ್ಯುವುದು ಹಿಂಪರದೆ. ಅದನ್ನು ಯಾರಿಗೂ ಹಚ್ಚುವುದಿಲ್ಲ. "ನಿನ್ನ ಗಾಜು ಚಲೋ ಐತಿ, ಮಾವಾ."

"ಹಂಗಾದ್ರ ನೆನಪಿಡು," ಅಂದ. ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು.

ಮಗಳಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ಒಂದು ಬೆಳಗ್ಗೆ, ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ಮಾವ ಯಾರೂ ಹೇಳದೆ ಕಟ್ಟೆಯ ಮೇಲೆ ಹೋಗಿ ಕೂತ. ಅವನು ಕೂತದ್ದನ್ನು ಕಂಡವಳೇ ಅತ್ತೆ ನೀರಿಗೆ ಓಡಿದಳಂತೆ. ನೀರು ತರುವಷ್ಟರಲ್ಲಿ ಮುಗಿದುಹೋಗಿತ್ತು. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು.

ಮಂದಿ ಸೇರಿದರು. ನಮ್ಮಲ್ಲಿ ಹೋದವರನ್ನು ಕೂರಿಸಿ, ಹೂವು ವಿಭೂತಿ ಏರಿಸಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಅಲ್ಲಿಯವರೆಗೆ ಬಂದವರೆಲ್ಲ ಮುಖ ನೋಡಿ ಹೋಗುತ್ತಾರೆ. ನಾನು ಬಾಗಲಕೋಟೆಗೆ ಫೋನು ಮಾಡಿ ಕಣ್ಣು ತೆಗೆದುಕೊಳ್ಳುವವರನ್ನು ಕರೆದಾಗ ದೊಡ್ಡಪ್ಪನೊಬ್ಬರು ಎದ್ದು ನಿಂತರು. "ಕಣ್ಣಿಲ್ಲದ ಹೆಣಾನ ಹೆಂಗ ಕುಂಡ್ರಸ್ತೀರಿ? ಅಂವಂದು ಮೊದಲ ಕಣ್ಣು ಸರಿ ಇಲ್ಲ. ಅಂಥಾವನ್ನ ಯಾರು ಒಯ್ತಾರ? ಮಂದಿ ನಗತಾರ."

ನಾನು ಉತ್ತರ ಕೊಡುವ ಮೊದಲೇ ಅತ್ತೆ ತಲೆ ಎತ್ತಿದಳು. ಜಗಳವಾಡದ ಹೆಂಗಸು ಅವಳು, ಗಂಡನನ್ನು ಬಿಟ್ಟು ಬೇರೆಯವರನ್ನು ಬೈದವಳಲ್ಲ. "ಅಂವ ಇರೂತನಕ ಅಂವನ ಕಣ್ಣಿನ ಬಗ್ಗೆ ನೀವೆಲ್ಲಾರೂ ಮಾತಾಡಿದ್ರಿ. ಇವತ್ತೊಂದಿನ ನಾ ಮಾತಾಡ್ತೇನಿ. ಕುಂಡ್ರರಿ." ಅವರು ಕೂತರು.

ಬಂದ ತಂಡದಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಕೈಗವಸು ಹಾಕಿಕೊಳ್ಳುತ್ತ, ಕೇಳಬೇಕಾದ್ದನ್ನೆಲ್ಲ ಕೇಳುತ್ತ ಹೋದಳು. "ಕಣ್ಣಲ್ಲಿ ಏನಾದರೂ ದೋಷ ಇತ್ತೇನ್ರಿ?"

ಮುಚ್ಚಿಡುವಂತಿರಲಿಲ್ಲ. ಜೀನಿನ ಹೆಸರು ಹೇಳಿದೆ. ಅವಳು ಅದನ್ನು ಕೇಳಿರಲಿಲ್ಲ. ಡಾಕ್ಟರರಿಗೆ ಫೋನು ಮಾಡುತ್ತೇನೆ ಎಂದು ಹೊರಗೆ ಹೋದಳು. ಹೊತ್ತು ಏರುತ್ತಿತ್ತು, ತಡವಾದರೆ ಆ ಪದರು ಕೆಲಸಕ್ಕೆ ಬರುವುದಿಲ್ಲ. ಬೇವಿನ ಗಿಡದ ಕೆಳಗೆ ಅವಳು ಫೋನಿನಲ್ಲಿ ಮಾತಾಡುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೂತಲ್ಲಿ ಕೂರಲಾಗದೆ ಬಾಗಿಲಿಗೂ ಕಿಟಕಿಗೂ ತಿರುಗುತ್ತಿದ್ದೆ. ಒಳಗೆ ಬಂದವಳು, "ನಡೀತೈತಂತ್ರಿ. ಮುಂದಿನ ಪದರಿಗೆ ಅದರ ಸಂಬಂಧ ಇಲ್ಲಂತ," ಅಂದಳು. ಅವಳ ಕೆಲಸ ಮುಗಿದ ಮೇಲೆ ಮಾವನ ಮುಖ ಮುಂಚಿನಂತೆಯೇ ಇತ್ತು, ರೆಪ್ಪೆ ಮುಚ್ಚಿಕೊಂಡು. ದೊಡ್ಡಪ್ಪ ಹತ್ತಿರ ಬಂದು ನೋಡಿ ಹೂವು ಏರಿಸಿದರು. ಎರಡೂ ಕಣ್ಣು ಇಬ್ಬರಿಗೆ ಹಚ್ಚಿದ್ದಾರೆಂದು ಆಮೇಲೆ ತಿಳಿಯಿತು. ಯಾರಿಗೆಂದು ಅವರು ಹೇಳುವುದಿಲ್ಲ, ನಾವೂ ಕೇಳಲಿಲ್ಲ.

ಕಾಲೇಜಿನಲ್ಲಿ ಪ್ರತಿ ವರ್ಷ ಆ ಪಾಠ ಬರುತ್ತದೆ. ಬೆಳಕು, ಎಚ್ಚರವಾಗುವ ಪ್ರೋಟೀನು, ಅದನ್ನು ಮಲಗಿಸುವ ಇನ್ನೊಂದು. ಪುಸ್ತಕದಲ್ಲಿ ಇಲ್ಲದಿದ್ದರೂ ಆರ್‌ಜಿಎಸ್ ಒಂಬತ್ತನ್ನು ನಾನು ಹೇಳಿಯೇ ಹೇಳುತ್ತೇನೆ. ಮೊದಲೆಲ್ಲ "ಈ ಜೀನಿನಲ್ಲಿ ದೋಷವಿದ್ದರೆ" ಎಂದು ಸರಾಗವಾಗಿ ಹೇಳಿ ಮುಂದೆ ಹೋಗುತ್ತಿದ್ದೆ. ಮಾವ ಹೋದ ಮೇಲೆ ಆ ವಾಕ್ಯ ಬಾಯಿಗೆ ಬರುವುದಿಲ್ಲ. ಕೊರತೆ ಅನ್ನಲೇ ಎಂದು ನೋಡಿದೆ, ಬದಲಾವಣೆ ಅನ್ನಲೇ ಎಂದು ನೋಡಿದೆ. ಒಂದು ಸುಳ್ಳಾಗುತ್ತದೆ, ಇನ್ನೊಂದು ಸಾಲುವುದಿಲ್ಲ. ಸೀಮೆಸುಣ್ಣ ಹಿಡಿದು ಬೋರ್ಡಿನ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೊನ್ನೆ ತಾಳ್ಮೆಗೆಟ್ಟು ಕೇಳಿದಳು: "ಮೇಡಂ, ಏನಂತ ಬರಕೊಳ್ಳೂನ್ರಿ?"

"ತಡೀರಿ," ಅಂದೆ. "ಇನ್ನೂ ಹುಡುಕಾಕತ್ತೇನಿ."